ಯಾವೂರಪ್ಪಾ, ಯಾರ ಪೈಕಿ?

ಮಾಸ್ತಿಯ ಬಸ್‌ಸ್ಟ್ಯಾಂಡಿನಲ್ಲಿ ಕ್ಯಾಮೆರಾ ಹಿಡಿದು ನಿಂತರೆ ಹೆಚ್ಚು ಹೊತ್ತು ಆಗುವುದಿಲ್ಲ, ಎರಡು ಪ್ರಶ್ನೆ ಬಂದೇ ಬರುತ್ತವೆ. ಒಂದು, 'ಟೀವಿಯೋರಾ?' ಇನ್ನೊಂದು, 'ಯಾವೂರಪ್ಪಾ, ಯಾರ ಪೈಕಿ?' ಮೊದಲನೆಯದಕ್ಕೆ ಅಲ್ಲ ಎಂದರೆ ಮುಗಿಯಿತು. ಎರಡನೆಯದಕ್ಕೆ ಸರಿಯಾದ ಉತ್ತರ ಕೊಡದೆ ಕ್ಯಾಮೆರಾ ಎತ್ತುವಂತಿಲ್ಲ. ಬೀದಿ ಛಾಯಾಗ್ರಹಣದ ಬಗ್ಗೆ ಬಂದಿರುವ ಪುಸ್ತಕಗಳು, ಯೂಟ್ಯೂಬ್ ಪಾಠಗಳು ಹೇಳಿಕೊಡುವುದೇ ಬೇರೆ. ಯಾರ ಕಣ್ಣಿಗೂ ಬೀಳಬೇಡ, ಗುಂಪಿನಲ್ಲಿ ಕರಗಿಹೋಗು, ತೆಗೆದ ಮೇಲೆ ನಿಲ್ಲಬೇಡ, ನಡಿ. ಪ್ಯಾರಿಸ್ಸು, ನ್ಯೂಯಾರ್ಕು ಹಾಗಿರಲಿ, ಬೆಂಗಳೂರಿನ ಚಿಕ್ಕಪೇಟೆಯಲ್ಲೂ ಈ ಪಾಠ ನಡೆದೀತು. ಮಾಲೂರು ತಾಲ್ಲೂಕಿನ ಒಂದು ಹೋಬಳಿ ಊರಿನಲ್ಲಿ ನಡೆಯುವುದಿಲ್ಲ. ಇಲ್ಲಿ ಅಪರಿಚಿತ ಎನ್ನುವವನೇ ಎಲ್ಲರಿಗಿಂತ ಮೊದಲು ಕಣ್ಣಿಗೆ ಬೀಳುವವನು.

ಇದನ್ನು ತೊಡಕು ಎಂದುಕೊಳ್ಳುವವರೇ ಹೆಚ್ಚು. ನನಗೆ ಹಾಗನ್ನಿಸುವುದಿಲ್ಲ. ಈ ಕಸುಬಿನಲ್ಲಿ ಕನ್ನಡ ನಾಡು ಕಂಡ ಅತಿ ದೊಡ್ಡ ಹೆಸರಾದ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ನೋಡುತ್ತ ಹೋದರೆ, 'ಯಾರ ಪೈಕಿ' ಎಂಬ ಪ್ರಶ್ನೆಗೆ ನಿಂತು ಉತ್ತರ ಕೊಟ್ಟವರ ಚಿತ್ರಗಳು ಅವು ಎಂಬುದು ತಿಳಿಯುತ್ತದೆ.

ಸತ್ಯನ್ ವಿಷಯಕ್ಕೆ ಬರುವ ಮೊದಲು ಬೀದಿಯ ಕತೆ ಸ್ವಲ್ಪ. 1838ರಲ್ಲಿ ಪ್ಯಾರಿಸ್ಸಿನ ಲೂಯಿ ಡಗೇರ್ ತನ್ನ ಕಿಟಕಿಯಿಂದ ಕೆಳಗಿನ ದೊಡ್ಡ ಬೀದಿಯ ಚಿತ್ರ ತೆಗೆದ. ಗಾಡಿ, ಕುದುರೆ, ಜನ ತುಂಬಿದ್ದ ರಸ್ತೆ ಅದು. ಆದರೆ ಕ್ಯಾಮೆರಾದೊಳಗಿನ ತಟ್ಟೆಯ ಮೇಲೆ ಚಿತ್ರ ಮೂಡಲು ಹಲವು ನಿಮಿಷ ಬೇಕಿದ್ದರಿಂದ ಚಲಿಸುತ್ತಿದ್ದವರು ಯಾರೂ ಚಿತ್ರದಲ್ಲಿ ಉಳಿಯಲಿಲ್ಲ. ಬೂಟು ಪಾಲಿಶ್ ಮಾಡಿಸಿಕೊಳ್ಳಲು ಕಾಲೆತ್ತಿಟ್ಟು ನಿಂತಿದ್ದ ಒಬ್ಬ ಮನುಷ್ಯ ಮಾತ್ರ ಉಳಿದ, ಅವನ ಕಾಲ ಬಳಿ ಪಾಲಿಶ್ ಹಾಕುವವನದೊಂದು ಮಸುಕು ಆಕಾರವೂ ಉಳಿಯಿತು. ಛಾಯಾಚಿತ್ರದಲ್ಲಿ ಸಿಕ್ಕ ಮೊದಲ ಮನುಷ್ಯ ಹೀಗೆ ಬೀದಿಯವನೇ.

ನಮ್ಮ ಕಡೆಗೂ ಕ್ಯಾಮೆರಾ ಬೇಗನೇ ಬಂತು. 1854ರ ಡಿಸೆಂಬರಿನಲ್ಲಿ ಕ್ಯಾಪ್ಟನ್ ಲಿನೇಯಸ್ ಟ್ರೈಪ್ ಹಳೇಬೀಡು, ಬೇಲೂರಿನ ಗುಡಿಗಳನ್ನು ಕಾಗದದ ನೆಗೆಟಿವ್ ಮೇಲೆ ಹಿಡಿದ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯ ಚಿತ್ರಗಳನ್ನು ತೆಗೆದ. ಇಬ್ಬರೂ ಸೇನಾಧಿಕಾರಿಗಳು, ಇಬ್ಬರ ಚಿತ್ರಗಳಲ್ಲೂ ಕಲ್ಲು ಚೆನ್ನಾಗಿ ಕಾಣುತ್ತದೆ, ಜನ ಇಲ್ಲವೆನ್ನುವಷ್ಟು ವಿರಳ. ಹಂಪಿ ಬಜಾರಿನಲ್ಲಿ ಆ ಹೊತ್ತು ಯಾರೂ ಓಡಾಡಲಿಲ್ಲ ಎಂದಲ್ಲ. ಓಡಾಡುವವರನ್ನು ಹಿಡಿಯುವ ಶಕ್ತಿ ಆ ಯಂತ್ರಕ್ಕಿರಲಿಲ್ಲ. ಬೀದಿಯವರ ನಡುವೆಯೇ ತಿರುಗಿ ಚಿತ್ರ ಹಿಡಿಯುವುದು ಸಲೀಸಾದದ್ದು 1925ರ ಲೈಕಾ ಬಂದ ಮೇಲೆ. ಕೋಟಿನ ಜೇಬಿನಲ್ಲಿ ಹಿಡಿಸುವ ಕ್ಯಾಮೆರಾ, ಒಂದು ರೋಲಿಗೆ 36 ಚಿತ್ರ. ಅದನ್ನೇ ಹಿಡಿದು, ಹೊಳೆಯುವ ಭಾಗಗಳಿಗೆ ಕಪ್ಪು ಟೇಪು ಅಂಟಿಸಿಕೊಂಡು ತಿರುಗಿದ ಹೆನ್ರಿ ಕಾರ್ಟಿಯೇ ಬ್ರೆಸೋ 1947ರ ಕೊನೆಯಲ್ಲಿ ಭಾರತಕ್ಕೂ ಬಂದ. 1948ರ ಜನವರಿ 30ರಂದು ಗಾಂಧೀಜಿಯನ್ನು ಕಂಡು ಹೊರಬಂದ ಸ್ವಲ್ಪ ಹೊತ್ತಿಗೇ ಗುಂಡಿನ ಸುದ್ದಿ ಬಂತು. ಬೀದಿಗೆ ಬಂದು ಅತ್ತ ಜನರ ಚಿತ್ರಗಳನ್ನು ಅವನು ತೆಗೆದ. 'ಕಾಣಿಸಿಕೊಳ್ಳದೆ ಇರು' ಎಂಬ ಪಾಠದ ಬಹುಪಾಲು ಶುರುವಾದದ್ದು ಇವನಿಂದ.

ಅದೇ 1948ರ ಜೂನಿನಲ್ಲಿ ಬೆಂಗಳೂರಿನಲ್ಲಿ ಡೆಕ್ಕನ್ ಹೆರಾಲ್ಡ್ ಶುರುವಾಯಿತು. ಅದಕ್ಕೆ ಚಿತ್ರ ತೆಗೆಯಲು ಸೇರಿದವರು ಮೈಸೂರಿನ ಹುಡುಗ ಸತ್ಯನ್. 1923ರ ಡಿಸೆಂಬರ್ 18ರಂದು ಹುಟ್ಟಿದವರು, ಮಹಾರಾಜಾ ಕಾಲೇಜಿನಲ್ಲಿ ಓದಿದವರು. ಆ ಕಾಲಕ್ಕೆ ಪದವಿ ಪಡೆದ ಮೈಸೂರಿನ ಮಧ್ಯಮ ವರ್ಗದ ಹುಡುಗನೊಬ್ಬ ಫೋಟೊ ತೆಗೆದು ಬದುಕುತ್ತೇನೆ ಎಂದರೆ ಮನೆಯವರ ಮುಖ ಹೇಗಾಗಿರಬೇಡ! ಸರ್ಕಾರಿ ನೌಕರಿಯೋ ಮೇಷ್ಟರ ಕೆಲಸವೋ ಸಿಕ್ಕಿದ್ದರೆ ಮದುವೆ ಮಾತುಕತೆಯಾದರೂ ಸಲೀಸಾಗುತ್ತಿತ್ತು. ಡೆಕ್ಕನ್ ಹೆರಾಲ್ಡ್ ಬಿಟ್ಟು ಮುಂಬಯಿಯ ಇಲಸ್ಟ್ರೇಟೆಡ್ ವೀಕ್ಲಿಗೆ ಹೋದರು. ಅಲ್ಲಿಯೂ ಬಹಳ ಕಾಲ ನಿಲ್ಲದೆ ಸ್ವತಂತ್ರವಾಗಿ ಕೆಲಸ ಮಾಡತೊಡಗಿದರು, ದೆಹಲಿಯಲ್ಲಿ ನೆಲೆಸಿದರು. ಲೈಫ್, ಟೈಮ್, ನ್ಯೂಸ್‌ವೀಕ್‌ಗಳಲ್ಲಿ ಅವರ ಚಿತ್ರಗಳು ಬಂದವು. 1961ರಲ್ಲಿ ಗೋವಾ ವಿಮೋಚನೆಯಾದಾಗ ಲೈಫ್ ಪರವಾಗಿ ಹೋದವರು ಅವರೇ. ಯುನಿಸೆಫ್‌ಗಾಗಿ, ವಿಶ್ವ ಆರೋಗ್ಯ ಸಂಸ್ಥೆಗಾಗಿ ದೇಶದ ಹಳ್ಳಿಗಳನ್ನು ಸುತ್ತಿದರು. 1977ರಲ್ಲಿ ಪದ್ಮಶ್ರೀ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಅವರೊಬ್ಬರದೇ ಪ್ರದರ್ಶನವನ್ನು ಯುನಿಸೆಫ್ ಏರ್ಪಡಿಸಿತು. ವಯಸ್ಸಾದ ಮೇಲೆ ಮೈಸೂರಿಗೇ ಮರಳಿ, ಇಂಗ್ಲಿಷಿನಲ್ಲಿ 'ಅಲೈವ್ ಅಂಡ್ ಕ್ಲಿಕ್ಕಿಂಗ್', ಕನ್ನಡದಲ್ಲಿ 'ಕಾಲಕ್ಕೆ ಕನ್ನಡಿ' ಎಂಬ ನೆನಪಿನ ಪುಸ್ತಕಗಳನ್ನು ಕೊಟ್ಟು, 2009ರ ಡಿಸೆಂಬರ್ 13ರಂದು ತೀರಿಕೊಂಡರು.

ಇಷ್ಟು ಓದಿದರೆ ಯಾರೋ ದೊಡ್ಡ ಸುದ್ದಿಗಳ ಬೆನ್ನು ಹತ್ತಿದವರು ಅನ್ನಿಸಬಹುದು. ಅವರ ಚಿತ್ರಗಳ ರಾಶಿ ಬೇರೆಯೇ ಕತೆ ಹೇಳುತ್ತದೆ. ಮಂತ್ರಿಗಳು, ಮಹಾರಾಜರು ಇದ್ದಾರೆ, ಗೆಳೆಯ ಆರ್.ಕೆ. ನಾರಾಯಣ್ ಇದ್ದಾರೆ, ಶ್ರವಣಬೆಳಗೊಳದ ಮಸ್ತಕಾಭಿಷೇಕ ಇದೆ. ಅವರ ಹೆಸರು ನಿಂತಿರುವುದು ಮಾತ್ರ ಶಾಲೆಯ ಮಕ್ಕಳು, ಸಂತೆಗೆ ಬಂದವರು, ಜಗಲಿ ಮೇಲಿನ ಮುದುಕರು, ಕೂಲಿಯವರು, ಕುಶಲಕರ್ಮಿಗಳ ಮೇಲೆ. ಇವರಲ್ಲಿ ಬಹಳ ಮಂದಿ ಸತ್ಯನ್ ಇರುವುದನ್ನು ಬಲ್ಲರು. ಬಲ್ಲರು ಎಂದರೆ ಕ್ಯಾಮೆರಾಕ್ಕೆ ಎದೆಯುಬ್ಬಿಸಿ ನಿಂತಿದ್ದಾರೆ ಎಂದಲ್ಲ, ಪಕ್ಕದ ಮನೆಯವನು ಬಂದು ಕೂತಾಗ ನಾವು ನಮ್ಮ ಕೆಲಸ ಮುಂದುವರಿಸುವುದಿಲ್ಲವೇ, ಹಾಗಿದ್ದಾರೆ. ಬ್ರೆಸೋ ಚಿತ್ರದಲ್ಲಿ ರೇಖಾಗಣಿತದ ಚಮತ್ಕಾರ ಇರುತ್ತದೆ. ಸತ್ಯನ್ ಚಿತ್ರದಲ್ಲಿ ಅದನ್ನು ಹುಡುಕಿದರೆ ನಿರಾಸೆಯಾದೀತು. ಅಲ್ಲಿ ಸಿಗುವುದು ಮನುಷ್ಯರ ಸಲಿಗೆ. ಚಮತ್ಕಾರ ಕಡಿಮೆಯಾದದ್ದರಿಂದಲೇ ಅವರಿಗೆ ಕಲಾ ಗ್ಯಾಲರಿಗಳ ಲೋಕದಲ್ಲಿ ರಘು ರಾಯ್ ಅಥವಾ ರಘುಬೀರ್ ಸಿಂಗ್ ಅವರಿಗೆ ಸಿಕ್ಕಷ್ಟು ಮಾತು ಸಿಗಲಿಲ್ಲ ಎಂದು ನನ್ನ ಅನಿಸಿಕೆ.

ಆ ಕಾಲದ ಕ್ಯಾಮೆರಾದ ಗುಣವೂ ಈ ಸಲಿಗೆಗೆ ಸ್ವಲ್ಪ ಕಾರಣ. ಐವತ್ತರ ದಶಕದ ಪತ್ರಿಕಾ ಛಾಯಾಗ್ರಾಹಕರಲ್ಲಿ ಬಹುಮಂದಿಯ ಕೊರಳಲ್ಲಿ ಇರುತ್ತಿದ್ದದ್ದು ರೋಲಿಫ್ಲೆಕ್ಸ್. ಎರಡು ಲೆನ್ಸಿನ ಡಬ್ಬಿ, ಹೊಟ್ಟೆಯ ಮಟ್ಟದಲ್ಲಿ ಹಿಡಿದು ಮೇಲಿನಿಂದ ತಲೆ ಬಗ್ಗಿಸಿ ಗಾಜಿನೊಳಗೆ ನೋಡಬೇಕು. ಗಾಜಿನಲ್ಲಿ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದೆ. ಬಲಕ್ಕೆ ನಡೆಯುವ ಹುಡುಗಿ ಗಾಜಿನಲ್ಲಿ ಎಡಕ್ಕೆ ಹೋಗುತ್ತಾಳೆ, ರೂಢಿಯಾಗುವವರೆಗೆ ಕೈ ತಡವರಿಸುತ್ತದೆ. ರೋಲಿಗೆ 12 ಚಿತ್ರ ಮಾತ್ರ, ಹಾಗಾಗಿ ಬೇಕಾಬಿಟ್ಟಿ ಒತ್ತುವ ಹಾಗಿಲ್ಲ. ಕಣ್ಣಿಗೆ ಯಂತ್ರ ಅಡ್ಡ ಹಿಡಿದು ಎದುರಿನವರನ್ನು ಗುರಿಯಿಟ್ಟಂತೆ ನೋಡುವುದಕ್ಕೂ, ತಲೆ ತಗ್ಗಿಸಿ ನಿಲ್ಲುವುದಕ್ಕೂ ಎದುರಿನವರ ಮನಸ್ಸಿನಲ್ಲಿ ಬಹಳ ವ್ಯತ್ಯಾಸವಿದೆ. ಈಗ ಮೊಬೈಲಿನಲ್ಲಿ ಮತ್ತೆ ಆ ಭಂಗಿ ಬಂದಿದೆ. ಎಲ್ಲರೂ ತಲೆ ತಗ್ಗಿಸಿಯೇ ಇರುವುದರಿಂದ ಯಾರು ಚಿತ್ರ ತೆಗೆಯುತ್ತಿದ್ದಾರೆ, ಯಾರು ವಾಟ್ಸಾಪ್ ನೋಡುತ್ತಿದ್ದಾರೆ ಎಂಬುದೇ ತಿಳಿಯದು.

ಸತ್ಯನ್ ಅವರ ತಮ್ಮ ಟಿ.ಎಸ್. ನಾಗರಾಜನ್ ಅವರೂ ಛಾಯಾಗ್ರಾಹಕರೇ. ಅಣ್ಣ ಬೀದಿ ಹಿಡಿದರೆ ತಮ್ಮ ಹೊಸ್ತಿಲು ದಾಟಿ ಒಳಗೆ ಹೋದರು. ದೇಶದ ಹಳೆಯ ಮನೆಗಳ ತೊಟ್ಟಿ, ನಡುಮನೆ, ಕಂಬ, ಉಯ್ಯಾಲೆ, ಬೆಳಕಿಂಡಿಯಿಂದ ಬಿದ್ದ ಬೆಳಕು, ಇವನ್ನು ವರ್ಷಗಟ್ಟಲೆ ಚಿತ್ರಿಸಿದರು. ಮನೆಯವರು ಒಳಗೆ ಕರೆಯದೆ ಅಂಥ ಚಿತ್ರ ತೆಗೆಯಲಾಗುವುದಿಲ್ಲ. ಇಬ್ಬರ ಕಸುಬಿನಲ್ಲೂ ಕ್ಯಾಮೆರಾಕ್ಕಿಂತ ಮೊದಲು ಬರುವುದು ಮಾತು.

ಮಾಸ್ತಿಯ ಊರಿನವರಿಗೆ ಈ ರೀತಿ ಹೊಸದೇನಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರರು ಮೈಸೂರು ಸರ್ಕಾರದ ಅಧಿಕಾರಿಯಾಗಿ ಊರೂರು ಕ್ಯಾಂಪು ಹೋದವರು, ಹೋದಲ್ಲಿ ಕೇಳಿದ್ದನ್ನು ಸಾವಧಾನವಾಗಿ ಕತೆ ಮಾಡಿದವರು. ಅವರ ಕತೆಗಳಲ್ಲಿ ಆಗಾಗ ಯಾರೋ ಒಬ್ಬರು ಇನ್ನೊಬ್ಬರಿಗೆ ಕತೆ ಹೇಳುತ್ತಿರುತ್ತಾರೆ, ಲೇಖಕರು ಕೇಳುವವರ ಜಾಗದಲ್ಲಿ ಕೂತಿರುತ್ತಾರೆ. ಅದೇ ಮಾಸ್ತಿ ಬೆಂಗಳೂರಿನಲ್ಲಿ ಛತ್ರಿ ಹಿಡಿದು, ಕೋಟು ತೊಟ್ಟು, ಸಂಜೆ ಬಸವನಗುಡಿ ಕ್ಲಬ್ಬಿಗೆ ಇಸ್ಪೀಟು ಆಡಲು ನಡೆದು ಹೋಗುತ್ತಿದ್ದ ದೃಶ್ಯ ಗಾಂಧಿಬಜಾರಿನ ಹಳಬರಿಗೆ ದಿನನಿತ್ಯದ್ದು. 1983ರ ಜ್ಞಾನಪೀಠ ಬಂದ ಮೇಲೆ ತೆಗೆದ ಹಾರ ತುರಾಯಿಯ ಫೋಟೊಗಳಿಗಿಂತ ಆ ಛತ್ರಿಯ ನಡಿಗೆಯೇ ಕನ್ನಡಿಗರ ಮನಸ್ಸಿನಲ್ಲಿ ಉಳಿದಿರುವುದು. ಬೀದಿ ಛಾಯಾಗ್ರಹಣ ಏಕೆ ಬೇಕು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಇನ್ನು ಕೆಲಸ ಹೇಗೆ ನಡೆಯುತ್ತದೆ ಎಂಬುದು. ಮಾಲೂರು ರೈಲು ನಿಲ್ದಾಣದ ಬೆಳಗನ್ನು ತೆಗೆದುಕೊಳ್ಳಿ. ಮಾರಿಕುಪ್ಪಂನಿಂದ ಹೊರಟ ಗಾಡಿ ಚಾಂಪಿಯನ್, ಊರ್ಗಾಂ, ಕೋರಮಂಡಲ್, ಬಂಗಾರಪೇಟೆ, ಟೇಕಲ್ ದಾಟಿ ಬರುವ ಹೊತ್ತಿಗೆ ತುಂಬಿ ತುಳುಕುತ್ತಿರುತ್ತದೆ. 2001ರ ಫೆಬ್ರುವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್.ನ ದುಡಿಮೆ ಈ ಹಳಿಯ ಮೇಲೆಯೇ ದಿನಾ ಬೆಂಗಳೂರಿಗೆ ಹೋಗಿ ಬರುತ್ತಿದೆ. ಗಾಡಿ ನಿಲ್ಲುವ ಮೊದಲೇ ಪ್ಲಾಟ್‌ಫಾರಂನಿಂದ ಒಂದು ಕೈ ಕಿಟಕಿಯೊಳಗೆ ಟವೆಲ್ಲು ಎಸೆಯುತ್ತದೆ. ಸೀಟು ಹಿಡಿಯುವ ಕೈ ಅದು. ಒಂದೇ ಕ್ಷಣದ ಆಟ, ಟವೆಲ್ಲು ಗಾಳಿಯಲ್ಲಿರುವಾಗಲೇ ಚಿತ್ರ ಆಗಬೇಕು.

ಆ ಕ್ಷಣದಲ್ಲಿ ಫೋಕಸ್ ಮಾಡುತ್ತ ಕೂರಲಾಗುವುದಿಲ್ಲ. ಅದಕ್ಕೆ ಬೀದಿಯವರ ಹಳೆಯ ಉಪಾಯವೊಂದಿದೆ. 35 ಮಿ.ಮೀ. ಲೆನ್ಸಿನ ರಂಧ್ರವನ್ನು ಎಫ್ 8ಕ್ಕೆ ಇಟ್ಟು, ಫೋಕಸ್ಸನ್ನು ಎಂಟು ಅಡಿ ದೂರಕ್ಕೆ ತಿರುಗಿಸಿ ಹಾಗೇ ಬಿಟ್ಟುಬಿಡುವುದು. ಆಗ ಸುಮಾರು ಐದೂವರೆ ಅಡಿಯಿಂದ ಹದಿನಾರು ಅಡಿಯವರೆಗೆ ಬಂದದ್ದೆಲ್ಲ ಸ್ಪಷ್ಟವಾಗಿಯೇ ಬೀಳುತ್ತದೆ. ಉಳಿದದ್ದು ಕಾಲಿನ ಕೆಲಸ. ಟವೆಲ್ಲಿನ ಕೈಗೆ ಎಂಟು ಅಡಿ ದೂರ ನಿಂತಿದ್ದರೆ ಆಯಿತು. ಇದಕ್ಕಾಗಿ ದುಬಾರಿ ಕ್ಯಾಮೆರಾ ಬೇಡ, ದೂರವನ್ನು ಕಣ್ಣಳತೆಯಲ್ಲಿ ಹೇಳುವ ಅಭ್ಯಾಸ ಬೇಕು. ಗೋಡೆ ಕಟ್ಟುವ ಮೇಸ್ತ್ರಿಗಳಿಗೆ ಇದು ಸಹಜವಾಗಿ ಬರುತ್ತದೆ, ಇಂಜಿನಿಯರಿಂಗ್ ಓದಿದ ಹುಡುಗರಿಗೆ ಬರುವುದಿಲ್ಲ. ಬೆಳಕಿನ ಲೆಕ್ಕಕ್ಕೂ ಬಾಯಿಪಾಠದ ಸೂತ್ರವಿದೆ. ನೆತ್ತಿಯ ಬಿಸಿಲಿಗೆ ಎಫ್ 16 ಇಟ್ಟು, ಫಿಲ್ಮಿನ ವೇಗ 400 ಆದರೆ ಶಟರು ಸೆಕೆಂಡಿನ ಸುಮಾರು ನಾನೂರನೇ ಒಂದು ಪಾಲು. ಕೋಲಾರ ಜಿಲ್ಲೆಯ ಬಿಸಿಲಿಗೆ ಈ ಸೂತ್ರ ವರ್ಷದ ಬಹುಭಾಗ ಮೋಸ ಮಾಡುವುದಿಲ್ಲ. ಆದರೆ ಹತ್ತು ಗಂಟೆ ದಾಟಿದ ಮೇಲೆ ಇಲ್ಲಿನ ಬೆಳಕು ಮುಖದ ಮೇಲೆ ಕಣ್ಣಿನ ಗುಳಿಗಳನ್ನು ಕಪ್ಪಾಗಿಸಿಬಿಡುತ್ತದೆ. ಕೋಲಾರದ ಎ.ಪಿ.ಎಂ.ಸಿ.ಯಲ್ಲಿ ಟೊಮೆಟೊ ಹರಾಜಿನ ಚಿತ್ರ ತೆಗೆಯುವವರು ಇದಕ್ಕಾಗಿಯೇ ಬೆಳಗ್ಗೆ ಬೇಗ ಹೋಗುತ್ತಾರೆ, ಇಲ್ಲವೇ ಛಾವಣಿಯ ನೆರಳಿನ ಅಂಚಿನಲ್ಲಿ ನಿಲ್ಲುತ್ತಾರೆ.

ಲೆನ್ಸು, ಬೆಳಕು ಎಲ್ಲವನ್ನೂ ವಾರದಲ್ಲಿ ಕಲಿಯಬಹುದು, ಜನರ ಜೊತೆ ನಡೆದುಕೊಳ್ಳುವುದನ್ನಲ್ಲ. ಹರಾಜಿನ ಕಟ್ಟೆಯಲ್ಲಿ ಕ್ಯಾಮೆರಾ ಕಂಡ ಕೂಡಲೇ ಏನಾಗುತ್ತದೆಂದರೆ, ಬಾಕ್ಸು ಹೊರುವವರು ನಿಲ್ಲುತ್ತಾರೆ, ಅಂಗಿಯ ಗುಂಡಿ ಹಾಕಿಕೊಳ್ಳುತ್ತಾರೆ, ಟವೆಲ್ಲು ಹೆಗಲಿಗೆ ಸರಿಮಾಡಿಕೊಳ್ಳುತ್ತಾರೆ, 'ತೆಗಿಯಣ್ಣ' ಎನ್ನುತ್ತಾರೆ. ಪೇಟೆಯಿಂದ ಬಂದ ಹವ್ಯಾಸಿಗಳು ಇಲ್ಲಿ ಮುಖ ಸಿಂಡರಿಸುತ್ತಾರೆ, ಸಹಜತೆ ಹೋಯಿತು ಎಂದು. ತಿಳಿದವರು ಆ ನೆಟ್ಟಗೆ ನಿಂತ ಚಿತ್ರವನ್ನು ಮೊದಲು ಮರ್ಯಾದೆಯಿಂದ ತೆಗೆಯುತ್ತಾರೆ, ತೋರಿಸುತ್ತಾರೆ, 'ನಂಗೂ ವಾಟ್ಸಾಪ್ ಮಾಡಣ್ಣ' ಎಂದವರಿಗೆ ಅಲ್ಲೇ ಕಳಿಸುತ್ತಾರೆ. ಆಮೇಲೆ ಟೀ ಅಂಗಡಿಯ ಬೆಂಚಿನ ಮೇಲೆ ಕೂರುತ್ತಾರೆ. ಎರಡನೇ ಟೀ ಮುಗಿಯುವ ಹೊತ್ತಿಗೆ ಇವರು ಇದ್ದದ್ದೇ ಜನಕ್ಕೆ ಮರೆತಿರುತ್ತದೆ. ಬೇಕಾದ ಚಿತ್ರ ಶುರುವಾಗುವುದು ಆಗ. ಹೆಂಗಸರು ಕೆಲಸ ಮಾಡುವ ಕಡೆ, ಇಟ್ಟಿಗೆ ಗೂಡಿನ ಬಳಿ, ಹೂ ಕಟ್ಟುವ ಜಗಲಿಯ ಬಳಿ, ಟೀಯೂ ಸಾಲದು. ಅಲ್ಲಿ ಜೊತೆಗೆ ಮನೆಯ ಹೆಣ್ಣುಮಗಳೊಬ್ಬಳು ಬಂದರೆ ಬಾಗಿಲು ತೆರೆಯುತ್ತದೆ, ಇಲ್ಲದಿದ್ದರೆ ಕ್ಯಾಮೆರಾ ಚೀಲದಲ್ಲಿರುವುದೇ ಒಳ್ಳೆಯದು.

ಇದಕ್ಕೆ ಹೋಲಿಸಿದರೆ ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿನ ಚಿತ್ರಗಳು ನನಗೆ ಅಷ್ಟು ರುಚಿಸುವುದಿಲ್ಲ. ಭಾನುವಾರದ ಮುಂಜಾವು ಅಲ್ಲಿಗೆ ಹೋದರೆ ಮೇಲಿನ ಮಹಡಿಯ ಕಟಕಟೆಗೆ ಒರಗಿ ಕೆಳಗಿನ ಹೂವಿನ ರಾಶಿಗಳತ್ತ ಕ್ಯಾಮೆರಾ ನೆಟ್ಟವರ ಸಾಲೇ ಇರುತ್ತದೆ. ಹಳದಿ, ಕೆಂಪು, ಬಿಳಿ, ನಡುವೆ ಒಂದೆರಡು ತಲೆ. ಚಿತ್ರ ಚೆನ್ನಾಗಿ ಬರುತ್ತದೆ, ಎಲ್ಲರಿಗೂ ಒಂದೇ ಥರ ಬರುತ್ತದೆ. ಕೋಲಾರ, ಮಾಲೂರು ಕಡೆಯಿಂದ ರಾತ್ರಿಯೆಲ್ಲ ನಿದ್ದೆಗೆಟ್ಟು ಸೇವಂತಿಗೆ ಮೂಟೆ ತಂದವನು ಆ ಚಿತ್ರದಲ್ಲಿ ಒಂದು ಬಣ್ಣದ ಚುಕ್ಕೆ. ಕೆಳಗಿಳಿದು ಅವನನ್ನು 'ಯಾವೂರಣ್ಣ' ಎಂದು ಕೇಳಿದ್ದರೆ ಬೇರೆ ಚಿತ್ರ ಸಿಗುತ್ತಿತ್ತು. ಮಹಡಿಯ ಮೇಲಿನಿಂದ ಕೇಳಲಾಗುವುದಿಲ್ಲ.

ಕೆಳಗಿಳಿದವರೂ ನಮ್ಮಲ್ಲಿ ಇದ್ದಾರೆ. ನಗರಗಳಲ್ಲಿ ಕಣ್ಮರೆಯಾಗುತ್ತಿರುವ ಕಸುಬುಗಳವರನ್ನು ಅವರವರ ಜಾಗದಲ್ಲೇ ನಿಲ್ಲಿಸಿ ಚಿತ್ರಿಸಿದ ಬೆಂಗಳೂರಿನ ಕ್ಲೇರ್ ಆರ್ನಿ ಇದ್ದಾರೆ. 'ಕಾಪ್ ಶಿವ' ಎಂದೇ ಹೆಸರಾದ ಬಿ.ಎಸ್. ಶಿವರಾಜು ಇದ್ದಾರೆ. ಇವರದು ಸ್ವಾರಸ್ಯದ ಕತೆ. ಬೆಂಗಳೂರಿನ ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡುತ್ತಲೇ ಶಾಂತಿರಸ್ತೆಯ ಕಲಾವಿದರ ಒಡನಾಟದಲ್ಲಿ ಕ್ಯಾಮೆರಾ ಹಿಡಿದರು. ಮೈಗೆ ಬೆಳ್ಳಿ ಬಣ್ಣ ಬಳಿದುಕೊಂಡು ಗಾಂಧಿಯಾಗಿ ಊರೂರು ನಿಲ್ಲುವ ಹಳ್ಳಿಯ ಮೇಷ್ಟರೊಬ್ಬರನ್ನು, ಎಂ.ಜಿ.ಆರ್. ವೇಷದಲ್ಲಿ ಬೀದಿಯಲ್ಲಿ ತಿರುಗುವ ಅಭಿಮಾನಿಯನ್ನು ವರ್ಷಗಳ ಕಾಲ ಹಿಂಬಾಲಿಸಿ ಚಿತ್ರಿಸಿದರು. ಖಾಕಿ ಕಂಡರೆ ಬೀದಿಯವರು ಮೊದಲು ಎದ್ದು ಓಡುವವರು. ಬೀದಿಯವರ ನಂಬಿಕೆ ಗಳಿಸಲು ಅವರಿಗೆ ಉಳಿದವರಿಗಿಂತ ಹೆಚ್ಚು ಕಾಲ ಬೇಕಾಗಿರಬೇಕು. ಆ ಚಿತ್ರಗಳಲ್ಲಿ ಎದುರಿಗಿರುವವರೂ ಅರ್ಧ ಛಾಯಾಗ್ರಾಹಕರೇ, ಹೇಗೆ ಕಾಣಬೇಕೆಂದು ಅವರೇ ತೀರ್ಮಾನಿಸಿದ್ದಾರೆ.

ಕಾನೂನು ಏನನ್ನುತ್ತದೆ ಎಂದು ಅನೇಕರು ಕೇಳುತ್ತಾರೆ. ಸಾರ್ವಜನಿಕ ಜಾಗದಲ್ಲಿ ಚಿತ್ರ ತೆಗೆಯಬಾರದು ಎಂಬ ಸಾಮಾನ್ಯ ನಿಷೇಧ ನಮ್ಮಲ್ಲಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರದ ಹಕ್ಕು ಸಾಮಾನ್ಯವಾಗಿ ತೆಗೆದವರದು, ಅವರು ಬದುಕಿರುವವರೆಗೆ, ತೀರಿಕೊಂಡ ಮೇಲೂ 60 ವರ್ಷ. ಚಿತ್ರದಲ್ಲಿರುವವರಿಗೆ ಈ ಕಾಯ್ದೆಯಲ್ಲಿ ಪಾಲಿಲ್ಲ. ಇನ್ನೊಂದು ತಕ್ಕಡಿಯಲ್ಲಿ 2017ರ ಆಗಸ್ಟ್ 24ರ ತೀರ್ಪು ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ಬೀದಿಗೆ ಬಂದವನ ಖಾಸಗಿತನ ಎಲ್ಲಿಯವರೆಗೆ ಎಂಬ ಗೆರೆಯನ್ನು ಸದ್ಯಕ್ಕೆ ಛಾಯಾಗ್ರಾಹಕನೇ ಎಳೆದುಕೊಳ್ಳಬೇಕು. ಮಲಗಿದವರು, ಕುಡಿದು ಬಿದ್ದವರು, ಸ್ನಾನ ಮಾಡುವವರು, ಅಳುವವರು, ಇವರ ಚಿತ್ರ ಸುಲಭವಾಗಿ ಸಿಗುತ್ತದೆ. ತೆಗೆಯಬಾರದು ಎಂದೇ ನನ್ನ ಅಭಿಪ್ರಾಯ. ಎದ್ದು ನಿಂತು 'ಯಾರ ಪೈಕಿ' ಎಂದು ಕೇಳಲಾಗದ ಸ್ಥಿತಿಯಲ್ಲಿ ಅವರಿರುತ್ತಾರೆ.

ಹೊಟ್ಟೆಪಾಡಿನ ಮಾತು ಬಂದರೆ, ಬೀದಿ ಚಿತ್ರ ಯಾರ ಹೊಟ್ಟೆಯನ್ನೂ ತುಂಬಿಸುವುದಿಲ್ಲ. ನಮ್ಮ ಕಡೆ ಕ್ಯಾಮೆರಾ ಇರುವ ಹುಡುಗರು ಮದುವೆ, ನಾಮಕರಣ, ಬ್ಯಾನರು, ಚುನಾವಣೆ ಬಂದರೆ ಪ್ರಚಾರದ ಡ್ರೋನು, ಇವುಗಳಲ್ಲಿ ದುಡಿಯುತ್ತಾರೆ. ಬೀದಿ ಅವರಿಗೆ ಆಷಾಢದ ಕೆಲಸ. ಅಮೆರಿಕದ ಷಿಕಾಗೋದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಆಯಾ ಆಗಿದ್ದ ವಿವಿಯನ್ ಮೇಯರ್ ಹೀಗೆ ಬಿಡುವಿನಲ್ಲಿ ರೋಲಿಫ್ಲೆಕ್ಸ್ ಹಿಡಿದು ಬೀದಿ ಸುತ್ತಿ ತೆಗೆದ ಚಿತ್ರಗಳನ್ನು ಹೆಚ್ಚುಕಡಿಮೆ ಯಾರಿಗೂ ತೋರಿಸದೆ ಪೆಟ್ಟಿಗೆಯಲ್ಲಿಟ್ಟಳು. ಬಾಡಿಗೆ ಕಟ್ಟದ ಗೋದಾಮಿನ ಸಾಮಾನು 2007ರಲ್ಲಿ ಹರಾಜಾದಾಗ ಅವು ಹೊರಬಂದವು. ಸತ್ಯನ್ ತೀರಿಕೊಂಡ 2009ರಲ್ಲಿಯೇ ಅವಳೂ ತೀರಿಕೊಂಡಳು. ಸತ್ಯನ್ ಚಿತ್ರಗಳಿಗೆ ಆ ಗತಿ ಬರಲಿಲ್ಲ. 2023ರಲ್ಲಿ ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ ಬಾಗಿಲು ತೆರೆದ ಮ್ಯಾಪ್ ಸಂಗ್ರಹಾಲಯ ಅವರ ಚಿತ್ರಗಳ ಪ್ರದರ್ಶನವನ್ನೂ ನಡೆಸಿದೆ. ತಾಲ್ಲೂಕು ಊರುಗಳ ಸ್ಟುಡಿಯೋಗಳದು ಬೇರೆ ಕತೆ. ಡಿಜಿಟಲ್ ಬಂದ ಮೇಲೆ ಎಷ್ಟೋ ಕಡೆ ಹಳೆಯ ನೆಗೆಟಿವ್‌ಗಳನ್ನು ಅವುಗಳಲ್ಲಿರುವ ಚೂರುಪಾರು ಬೆಳ್ಳಿಯ ಆಸೆಗೆ ಗುಜರಿಗೆ ಹಾಕಿದರು. ಹೆಂಚಿನ ಕಾರ್ಖಾನೆಗಳ ಚಿಮಣಿ ಹೊಗೆಯಾಡುತ್ತಿದ್ದ ಕಾಲದ ಮಾಲೂರಿನ ಪೇಟೆ ಬೀದಿ ಹೇಗಿತ್ತೆಂದು ತೋರಿಸಿ ಎಂದರೆ ಈಗ ಮನೆಮನೆಯ ಮದುವೆ ಆಲ್ಬಮ್ಮುಗಳಲ್ಲಿ ದಿಬ್ಬಣದ ಹಿಂದೆ ಕಾಣುವ ಅಂಗಡಿಸಾಲನ್ನೇ ಹುಡುಕಬೇಕು.

ಆಲ್ಬಮ್ಮಿನಲ್ಲೂ ಸಿಗದ ಒಂದು ಬೀದಿ ಈಗ ನಮ್ಮ ಕಣ್ಣೆದುರೇ ಇದೆ. ಕೋಲಾರ ತಾಲ್ಲೂಕಿನ ನರಸಾಪುರದ ಕಾರ್ಖಾನೆಯಲ್ಲಿ ಐಫೋನು ಜೋಡಿಸುತ್ತಾರೆ. ಹಿಂದೆ ವಿಸ್ಟ್ರಾನ್‌ನದಾಗಿತ್ತು, 2023ರಿಂದ ಟಾಟಾದವರದು. ಜಗತ್ತಿನ ಬೀದಿಗಳ ಚಿತ್ರವನ್ನು ಇವತ್ತು ತೆಗೆಯುತ್ತಿರುವ ಯಂತ್ರಗಳಲ್ಲಿ ಒಂದು ಪಾಲು ನಮ್ಮ ಜಿಲ್ಲೆಯ ಹುಡುಗಿಯರ ಬೆರಳಿನಿಂದ ಹೊರಡುತ್ತದೆ. ಬೆಳಗಿನ ಪಾಳಿಗೆ ಕಂಪನಿ ಬಸ್ಸು ಕಾಯುತ್ತ ಅವರು ಊರ ಬಾಗಿಲಲ್ಲಿ, ಹಾಲಿನ ಡೇರಿಯ ಮುಂದೆ ನಿಂತಿರುತ್ತಾರೆ, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಡಬ್ಬಿ, ಚಳಿಗಾಲವಾದರೆ ತಲೆಗೆ ದುಪಟ್ಟಾ. ಡೇರಿಗೆ ಕ್ಯಾನು ತಂದ ಅಜ್ಜಿಯರಿಗೂ ಅವರಿಗೂ ಅಲ್ಲಿ ನಾಲ್ಕು ಮಾತು ನಡೆಯುತ್ತದೆ. ಆ ಹತ್ತು ನಿಮಿಷದ ಚಿತ್ರಗಳನ್ನು ನಾನಿನ್ನೂ ಎಲ್ಲೂ ನೋಡಿಲ್ಲ. ಬೆಳಕು ಸಾಲದು, ಐ.ಎಸ್.ಒ. 3200ಕ್ಕೆ ಏರಿಸಬೇಕಾಗುತ್ತದೆ, ಚಿತ್ರ ತರಿತರಿಯಾಗಿ ಬರುತ್ತದೆ. ಬರಲಿ. ಹೋಗುವವರು ಹಿಂದಿನ ದಿನ ಸಂಜೆಯೇ ಹೋಗಿ ಡೇರಿಯ ಕಾರ್ಯದರ್ಶಿಯನ್ನೂ ಆ ಹುಡುಗಿಯರ ಮನೆಯವರನ್ನೂ ಮಾತಾಡಿಸಿ ಬರುವುದು ಒಳ್ಳೆಯದು. ಕತ್ತಲಲ್ಲಿ ಹೊಸಬನೊಬ್ಬ ಕ್ಯಾಮೆರಾ ಹಿಡಿದು ನಿಂತರೆ, 'ಯಾವೂರಪ್ಪಾ' ಎಂದು ಕೇಳುವಷ್ಟು ತಾಳ್ಮೆ ಎಲ್ಲರಿಗೂ ಇರುವುದಿಲ್ಲ.